ಅದೇ ಪುಸ್ತಕ, ಆದರೆ ಯಾವ ಪ್ರತಿ? ಸಾಹಿತ್ಯದ ವಿದ್ಯಾರ್ಥಿಗಳು ಕಾಗದವನ್ನೂ ಓದುವುದು ಯಾಕೆ

2023ರ ಫೆಬ್ರುವರಿಯಲ್ಲಿ ಮಕ್ಕಳ ಸಾಹಿತಿ ರೋಲ್ಡ್ ಡಾಲ್ ಅವರ ಪುಸ್ತಕಗಳ ಬಗ್ಗೆ ದೊಡ್ಡ ಗದ್ದಲ ಎದ್ದಿತು. ಪ್ರಕಾಶಕರಾದ ಪಫಿನ್ ಸಂಸ್ಥೆಯವರು ಹೊಸ ಮುದ್ರಣಗಳಲ್ಲಿ ನೂರಾರು ಕಡೆ ಪದಗಳನ್ನು ಬದಲಾಯಿಸಿದ್ದು ಬೆಳಕಿಗೆ ಬಂದಿತ್ತು. ಲೇಖಕರು ಒಬ್ಬ ಹುಡುಗನನ್ನು 'ದಪ್ಪ' ಎಂದು ಬರೆದಿದ್ದರು. ಹೊಸ ಪ್ರತಿಯಲ್ಲಿ ಆ ಪದ ಹೋಗಿ 'ಭಾರೀ ಗಾತ್ರದವನು' ಎಂಬ ಅರ್ಥದ ಪದ ಬಂದಿತ್ತು. ಟೀಕೆ ಜಾಸ್ತಿಯಾದ ಮೇಲೆ, ಹಳೆಯ ರೂಪದಲ್ಲೇ 17 ಪುಸ್ತಕಗಳನ್ನು ಬೇರೆಯಾಗಿ ಅಚ್ಚು ಹಾಕುವುದಾಗಿ ಅದೇ ಸಂಸ್ಥೆ ಹೇಳಿತು. ಲೇಖಕರು ತೀರಿಕೊಂಡಿದ್ದು 1990ರಲ್ಲಿ.

ತಿದ್ದಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ಅದಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಇಬ್ಬರು ಮಕ್ಕಳು ಒಂದೇ ಹೆಸರಿನ ಪುಸ್ತಕ ಓದಿ ಬಂದರೆ, ಇಬ್ಬರೂ ಒಂದೇ ವಾಕ್ಯಗಳನ್ನು ಓದಿದ್ದಾರೆ ಅಂತ ಹೇಗೆ ನಂಬುವುದು?

ಇದು ಈಗ ಹುಟ್ಟಿದ ಸಮಸ್ಯೆ ಅನ್ನಿಸಬಹುದು. ಆದರೆ ಪುಸ್ತಕ ಎಷ್ಟು ಹಳೆಯದೋ ಇದೂ ಅಷ್ಟೇ ಹಳೆಯದು. ಸಾಹಿತ್ಯದಲ್ಲಿ ಎಂಎ, ಪಿಎಚ್‌ಡಿ ಮಾಡುವವರು ಹಲವು ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆಂದೇ ಪುಸ್ತಕ ಚರಿತ್ರೆ ಮತ್ತು ಸಂಶೋಧನಾ ವಿಧಾನ ಎಂಬ ವಿಷಯವೊಂದನ್ನು ಓದುತ್ತಾರೆ. ಕವಿತೆ, ಕಾದಂಬರಿ ಓದಲು ಬಂದವರಿಗೆ ಮೊದಲ ದಿನ ಗೊಂದಲವಾಗುವುದು ಸಹಜ. ನಾನು ಬಂದದ್ದು ಕಾವ್ಯ ಓದೋಕೆ, ಕಾಗದದ ಗೆರೆ ಯಾಕೆ ಎಣಿಸಬೇಕು?

ಮೊದಲು ಮೂರು ಪದ

ದಿನನಿತ್ಯ ನಾವು 'ಪುಸ್ತಕ' ಎಂಬ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಅವನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಒಂದು ಹಾಡನ್ನು ನೆನಪಿಸಿಕೊಳ್ಳಿ. ಆ ಹಾಡು ಅನ್ನುವುದು ಒಂದು. ಅದನ್ನು ಒಬ್ಬರು ಹಾಡಿದಾಗ ಬರುವ ನಿರ್ದಿಷ್ಟ ರೂಪ ಇನ್ನೊಂದು. ಇನ್ನೊಬ್ಬರು ಹಾಡಿದರೆ ಒಂದು ಚರಣ ಬಿಟ್ಟಿರಬಹುದು, ಒಂದು ಪದ ಬದಲಾಗಿರಬಹುದು. ನಿಮ್ಮ ಫೋನಿನಲ್ಲಿರುವ ಆ ರೆಕಾರ್ಡಿಂಗ್ ಮೂರನೆಯದು. ಪುಸ್ತಕದಲ್ಲೂ ಹಾಗೇ. ಲೇಖಕರ ಕಲ್ಪನೆಯಿಂದ ಹುಟ್ಟಿದ್ದು ಕೃತಿ. ಅದು ಇಂಥ ಪದ, ಇಂಥ ಕ್ರಮ, ಇಂಥ ಅಲ್ಪವಿರಾಮ ಎಂದು ನಿಂತ ರೂಪ ಪಾಠ. ನಿಮ್ಮ ಕೈಯಲ್ಲಿರುವ ಕಾಗದ, ಹೊಲಿಗೆ, ರಟ್ಟು ಎಲ್ಲ ಸೇರಿದ ವಸ್ತು ಪ್ರತಿ. ಕೃತಿಯನ್ನು ಯಾರೂ ನೇರವಾಗಿ ಮುಟ್ಟಲಾಗದು. ಯಾವುದೋ ಪ್ರತಿಯಲ್ಲಿರುವ ಯಾವುದೋ ಪಾಠದ ಮೂಲಕವೇ ಅದು ನಮಗೆ ಸಿಗುತ್ತದೆ.

ಪುಸ್ತಕ ಚರಿತ್ರೆ ಅಂದರೆ ಆ ಪ್ರತಿಯನ್ನು ಯಾರು ಮಾಡಿದರು, ಹೇಗೆ ಮಾಡಿದರು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಈ ದಾರಿಯಲ್ಲಿ ಪಾಠಕ್ಕೆ ಏನಾಯಿತು ಎಂದು ಹುಡುಕುವ ಕೆಲಸ.

ಮೂರು ಹ್ಯಾಮ್ಲೆಟ್

ಶೇಕ್ಸ್‌ಪಿಯರ್ ಬರೆದ ಹ್ಯಾಮ್ಲೆಟ್ ನಾಟಕದ ಹಸ್ತಪ್ರತಿ ಉಳಿದಿಲ್ಲ. ಉಳಿದಿರುವುದು ಮೂರು ಹಳೆಯ ಮುದ್ರಿತ ಪಾಠಗಳು. ಮೊದಲನೆಯದು 1603ರದ್ದು. ಎರಡನೆಯದು ಅಚ್ಚಾಗಿದ್ದು 1604-05ರಲ್ಲಿ. ಮೂರನೆಯದು 1623ರಲ್ಲಿ, ಅವನು ಸತ್ತು ಏಳು ವರ್ಷದ ಮೇಲೆ, 36 ನಾಟಕಗಳ ದೊಡ್ಡ ಸಂಪುಟದ ಭಾಗವಾಗಿ ಬಂತು. ಈ ಸಂಪುಟವನ್ನು 'ಫಸ್ಟ್ ಫೋಲಿಯೊ' ಎನ್ನುತ್ತಾರೆ. ಅದರಲ್ಲಿರುವ 18 ನಾಟಕಗಳು ಅದಕ್ಕೂ ಮುಂಚೆ ಅಚ್ಚಾಗಿರಲೇ ಇಲ್ಲ. ಮ್ಯಾಕ್‌ಬೆತ್ ಅವುಗಳಲ್ಲಿ ಒಂದು.

'ಇರುವುದೋ ಇಲ್ಲದಿರುವುದೋ, ಅದೇ ಪ್ರಶ್ನೆ' ಎಂಬ ಮಾತು ನಮಗೆಲ್ಲ ಗೊತ್ತು. 1603ರ ಪಾಠದಲ್ಲಿ ಆ ಸಾಲು 'ಹೌದು, ವಿಷಯ ಇರುವುದೇ ಅಲ್ಲಿ' ಎಂಬಂತೆ ಮುಗಿಯುತ್ತದೆ. ಪೊಲೋನಿಯಸ್ ಎಂಬ ಮುದುಕನ ಹೆಸರು ಅದರಲ್ಲಿ ಕೊರಾಂಬಿಸ್. ಎರಡನೆಯ ಪಾಠದ ಮುಖಪುಟವೇ, ಮೊದಲಿದ್ದದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗಿಸಿದ್ದೇವೆ ಎಂದು ಸಾರುತ್ತದೆ. ಮೂರನೆಯದರಲ್ಲಿ ಅದರ ಇನ್ನೂರಕ್ಕೂ ಹೆಚ್ಚು ಸಾಲುಗಳಿಲ್ಲ. ನಾಲ್ಕನೇ ಅಂಕದಲ್ಲಿ ಹ್ಯಾಮ್ಲೆಟ್ ತನ್ನ ಮೇಲೇ ಸಿಡಿದು ಆಡುವ ದೊಡ್ಡ ಸ್ವಗತವೂ ಅದರಲ್ಲಿಲ್ಲ.

ಈಗ ಯೋಚಿಸಿ. ಒಬ್ಬ ವಿದ್ಯಾರ್ಥಿ ಆ ಸ್ವಗತದ ಮೇಲೆಯೇ ಇಡೀ ಪ್ರಬಂಧ ಕಟ್ಟುತ್ತಾಳೆ. 'ಹ್ಯಾಮ್ಲೆಟ್ ಇಲ್ಲಿ ಬದಲಾಗುತ್ತಾನೆ' ಎಂಬುದು ಅವಳ ವಾದ. 1623ರ ಪಾಠ ಹಿಡಿದವರಿಗೆ ಆ 'ಇಲ್ಲಿ' ಎಂಬ ಜಾಗವೇ ಇಲ್ಲ. ಅವಳ ವಾದ ಸುಳ್ಳು ಅಂತಲ್ಲ. ಯಾವ ಪಾಠದ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಅವಳು ಹೇಳಲೇಬೇಕು, ಅಷ್ಟೇ. ಈಗ ನಾವು ಓದುವ ಹೆಚ್ಚಿನ ಹ್ಯಾಮ್ಲೆಟ್ ಪುಸ್ತಕಗಳು ಎರಡನೆಯದನ್ನೂ ಮೂರನೆಯದನ್ನೂ ಸೇರಿಸಿ ಸಂಪಾದಕರು ಕಟ್ಟಿದ ರೂಪಗಳು.

ಕೈಬರಹದ ಕಾಲದಲ್ಲಿ ತಪ್ಪೇ ದಾರಿ ತೋರಿಸುತ್ತದೆ

ಅಚ್ಚು ಬರುವ ಮೊದಲು ಪ್ರತಿಯೊಂದು ಪುಸ್ತಕವನ್ನೂ ಕೈಯಲ್ಲೇ ನಕಲು ಮಾಡಬೇಕಿತ್ತು. ನಕಲು ಮಾಡುವವರನ್ನು ಲಿಪಿಕಾರರು ಎನ್ನುತ್ತೇವೆ. ಅವರ ಕಣ್ಣು ಜಾರುತ್ತದೆ. ಎರಡು ಸಾಲುಗಳಲ್ಲಿ ಒಂದೇ ಪದ ಬಂದಿದ್ದರೆ, ಮೇಲಿನ ಪದ ಬರೆದು ತಲೆಯೆತ್ತಿದಾಗ ಕಣ್ಣು ಕೆಳಗಿನ ಪದದ ಮೇಲೆ ಕೂರುತ್ತದೆ. ನಡುವಿನದ್ದೆಲ್ಲ ಮಾಯ. ಅರ್ಥವಾಗದ ಹಳೆಯ ಪದ ಬಂದರೆ ಗೊತ್ತಿರುವ ಪದ ಬರೆದುಬಿಡುತ್ತಾರೆ. ಕನ್ನಡದಲ್ಲಿ 'ೞ' ಅಕ್ಷರ ಬಳಕೆ ತಪ್ಪಿದ ಮೇಲೆ ಹಳೆಯ ಕಾವ್ಯ ನಕಲು ಮಾಡಿದ ಎಷ್ಟೋ ಲಿಪಿಕಾರರು ಅದರ ಜಾಗದಲ್ಲಿ 'ಳ' ಬರೆದರು.

ಮೂಲ ಕಳೆದುಹೋಗಿದ್ದರೆ ಇದನ್ನೆಲ್ಲ ಪತ್ತೆ ಹಚ್ಚುವುದು ಹೇಗೆ? ಒಂದು ಪರೀಕ್ಷೆ ನಡೆದಿದೆ ಅಂದುಕೊಳ್ಳಿ. ಹತ್ತು ಮಂದಿ ಸರಿ ಉತ್ತರ ಬರೆದಿದ್ದರೆ ಯಾರು ಯಾರದ್ದು ನೋಡಿ ಬರೆದರು ಅಂತ ಮೇಷ್ಟ್ರಿಗೆ ತಿಳಿಯುವುದಿಲ್ಲ. ಮೂವರು ಒಂದೇ ವಿಚಿತ್ರ ತಪ್ಪು ಮಾಡಿದ್ದರೆ ತಿಳಿಯುತ್ತದೆ, ಅಲ್ವಾ? ಸಂಪಾದಕರದ್ದೂ ಅದೇ ಲೆಕ್ಕ. ಒಂದೇ ತಪ್ಪು ಹಂಚಿಕೊಂಡ ಹಸ್ತಪ್ರತಿಗಳು ಒಂದೇ ತಾಯಿಪ್ರತಿಯಿಂದ ಬಂದಿರಬೇಕು. ಹೀಗೆ ಗುಂಪು ಮಾಡುತ್ತಾ ಹೋದರೆ ಹಸ್ತಪ್ರತಿಗಳ ವಂಶವೃಕ್ಷ ಸಿಗುತ್ತದೆ. ಅದರ ಬುಡದಲ್ಲಿ ಏನಿದ್ದಿರಬಹುದು ಎಂದು ಊಹಿಸಲು ಆಗುತ್ತದೆ.

ಪ್ರತಿಗಳ ನಡುವೆ ಪದ ಬೇರೆಯಾದರೆ ಅದಕ್ಕೆ ಪಾಠಾಂತರ ಎನ್ನುತ್ತಾರೆ. ಎರಡರಲ್ಲಿ ಯಾವುದನ್ನು ಆರಿಸುವುದು? ಹಳೆಯ ಒಂದು ಸೂತ್ರವಿದೆ. ಕಠಿಣವಾದ ಪದವೇ ಮೂಲದ್ದಾಗಿರುವ ಸಾಧ್ಯತೆ ಹೆಚ್ಚು. ಲಿಪಿಕಾರರು ಕಷ್ಟದ್ದನ್ನು ಸುಲಭ ಮಾಡುತ್ತಾರೆ, ಸುಲಭವಾದದ್ದನ್ನು ಸುಮ್ನೆ ಕಷ್ಟ ಮಾಡುವುದು ಅಪರೂಪ. ಹಳೆಗನ್ನಡ ಪದ್ಯಗಳಲ್ಲಿ ಇನ್ನೊಂದು ಅನುಕೂಲವೂ ಇದೆ. ಪ್ರತಿ ಪಾದದ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದೇ ಪ್ರಾಸ. ಮೂರು ಪಾದದಲ್ಲಿ ಪ್ರಾಸ ಕೂಡಿ ನಾಲ್ಕನೆಯದರಲ್ಲಿ ತಪ್ಪಿದರೆ, ಅಲ್ಲಿ ಯಾರದೋ ಕೈ ಜಾರಿದೆ ಎಂದು ಸಂಶಯ ಪಡಬಹುದು. ಕವಿ ಕಟ್ಟಿದ ನಿಯಮವೇ ಅವನ ಪದವನ್ನು ಕಾಯುತ್ತದೆ. ನನಗಂತೂ ಇದು ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಈ ಕೆಲಸ ಎಷ್ಟು ದೊಡ್ಡದಾಗಬಹುದು ಎನ್ನುವುದಕ್ಕೆ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ನೋಡಬೇಕು. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಮಂದಿರದಲ್ಲಿ 1919ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1966ರಲ್ಲಿ. ನೋಡಿದ ಹಸ್ತಪ್ರತಿಗಳು 1,259. ಕೆಲಸಕ್ಕೆ ರೂಪ ಕೊಟ್ಟ ವಿ. ಎಸ್. ಸುಖ್ತಂಕರ್ ಅದು ಮುಗಿಯುವುದನ್ನು ನೋಡಲಿಲ್ಲ. ಪುಟದ ಮೇಲೆ ಶ್ಲೋಕ, ಕೆಳಗೆ ಸಣ್ಣ ಅಕ್ಷರದಲ್ಲಿ ಸಾಲುಸಾಲು ಪಾಠಾಂತರ. ಒಪ್ಪದವರು ಕೆಳಗೆ ನೋಡಿ ಬೇರೆ ಪದ ಆರಿಸಿಕೊಳ್ಳಬಹುದು.

ಅಚ್ಚಾದರೆ ಎಲ್ಲ ಪ್ರತಿಯೂ ಒಂದೇನಾ?

ಅಚ್ಚು ಬಂದ ಮೇಲೆ ಈ ತೊಂದರೆ ತೀರಿತು ಅಂತ ಅನ್ನಿಸುತ್ತದೆ. ತೀರಲಿಲ್ಲ.

ಹಳೆಯ ಅಚ್ಚುಕೂಟದಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಲೋಹದ ಮೊಳೆ. ಮೊಳೆ ಜೋಡಿಸುವವನು ಪೆಟ್ಟಿಗೆಯಿಂದ ಅವನ್ನು ಆರಿಸಿ ಸಾಲು ಕಟ್ಟುತ್ತಿದ್ದ. ಮುದ್ರಣ ನಡೆಯುತ್ತಿರುವಾಗಲೇ ಒಂದು ಹಾಳೆ ತೆಗೆದು ತಪ್ಪು ಹುಡುಕುವುದೂ ಇತ್ತು. ತಪ್ಪು ಸಿಕ್ಕರೆ ಯಂತ್ರ ನಿಲ್ಲಿಸಿ ಮೊಳೆ ಬದಲಿಸುತ್ತಿದ್ದರು. ಅಷ್ಟರಲ್ಲಿ ಅಚ್ಚಾಗಿದ್ದ ತಪ್ಪು ಹಾಳೆಗಳನ್ನು ಎಸೆಯುತ್ತಿರಲಿಲ್ಲ, ಯಾಕೆಂದರೆ ಕಾಗದ ದುಬಾರಿ. ತಪ್ಪಿದ್ದು, ತಿದ್ದಿದ್ದು ಎರಡೂ ಬೆರೆತು ಹೊಲಿಗೆಗೆ ಹೋಗುತ್ತಿದ್ದವು. ಹಾಗಾಗಿ ಒಂದೇ ದಿನ ಒಂದೇ ಕಡೆ ಹುಟ್ಟಿದ ಎರಡು ಪ್ರತಿಗಳೂ ಬೇರೆ ಬೇರೆ ಇರಬಹುದು.

ಇದನ್ನು ಹಿಡಿಯಲು ಚಾರ್ಲ್‌ಟನ್ ಹಿನ್‌ಮನ್ ಎಂಬ ವಿದ್ವಾಂಸ ಒಂದು ಯಂತ್ರವನ್ನೇ ಕಟ್ಟಿದ. ಎರಡು ಪ್ರತಿಗಳ ಅದೇ ಪುಟವನ್ನು ಅಕ್ಕಪಕ್ಕ ಇಟ್ಟು, ಕನ್ನಡಿಗಳ ಮೂಲಕ ಎರಡೂ ಒಂದೇ ಜಾಗದಲ್ಲಿ ಕಾಣುವಂತೆ ಮಾಡಿ, ದೀಪವನ್ನು ಒಂದು ಸಲ ಇದರ ಮೇಲೆ ಒಂದು ಸಲ ಅದರ ಮೇಲೆ ಬೆಳಗಿಸುವುದು. ಪುಟಗಳು ಒಂದೇ ಆಗಿದ್ದರೆ ಚಿತ್ರ ಅಲುಗಾಡುವುದಿಲ್ಲ. ಒಂದು ಅಲ್ಪವಿರಾಮ ಬೇರೆಯಾಗಿದ್ದರೂ ಆ ಜಾಗ ಮಿಣುಕುತ್ತದೆ. ವಾಷಿಂಗ್ಟನ್‌ನ ಫೋಲ್ಜರ್ ಗ್ರಂಥಾಲಯದಲ್ಲಿ ಫಸ್ಟ್ ಫೋಲಿಯೊದ 82 ಪ್ರತಿಗಳಿವೆ. ಅವುಗಳಲ್ಲಿ 55ನ್ನು ಅವನು ಹೀಗೆ ಹೋಲಿಸಿದ. 1963ರಲ್ಲಿ ಫಲಿತಾಂಶ ಪ್ರಕಟಿಸಿದ. ಮುರಿದ ಮೊಳೆಗಳ ಗುರುತು ಹಿಡಿದು ಯಾವ ಪುಟ ಮೊದಲು ಅಚ್ಚಾಯಿತು ಎಂಬ ಕ್ರಮವನ್ನೂ ಹೇಳಿದ.

ಮೊಳೆ ಜೋಡಿಸಿದವರನ್ನೂ ಬೇರೆ ಮಾಡಬಹುದು. ಆಗ ಇಂಗ್ಲಿಷ್ ಕಾಗುಣಿತ ಇನ್ನೂ ಗಟ್ಟಿಯಾಗಿರಲಿಲ್ಲ. ಒಬ್ಬ 'ಡೂ', 'ಗೋ' ಪದಗಳ ಕೊನೆಗೆ ಒಂದು ಅಕ್ಷರ ಹೆಚ್ಚು ಸೇರಿಸುತ್ತಿದ್ದ, ಇನ್ನೊಬ್ಬ ಸೇರಿಸುತ್ತಿರಲಿಲ್ಲ. ಅವರ ಹೆಸರು ಖಚಿತವಿಲ್ಲದ ಕಾರಣ ಎ, ಬಿ ಎಂದು ಕರೆಯುತ್ತಾರೆ. ಬಿ ಎಂಬಾತ ಪದ ಬಿಡುವುದು ಜಾಸ್ತಿ ಎಂದು ಗೊತ್ತಾದರೆ, ಅವನು ಜೋಡಿಸಿದ ಪುಟದ ವಿಚಿತ್ರ ಸಾಲನ್ನು ಕವಿಯ ತಲೆಗೆ ಕಟ್ಟುವ ಮೊದಲು ಎರಡು ಸಲ ಯೋಚಿಸುತ್ತೇವೆ.

ಒಂದೇ ಒಂದು ಪದ ಬಿಟ್ಟರೆ ಏನಾಗುತ್ತದೆ? 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ ಒಂದರಲ್ಲಿ ಹತ್ತು ಆಜ್ಞೆಗಳ ಜಾಗದಲ್ಲಿ 'ಕೂಡದು' ಎಂಬ ಅರ್ಥದ ಪದ ಬಿಟ್ಟುಹೋಯಿತು. 'ವ್ಯಭಿಚಾರ ಮಾಡತಕ್ಕದ್ದು' ಎಂದಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು.

ಕಾಗದ ಹೇಳಿದ ಸಾಕ್ಷಿ

ಹಳೆಯ ಕೈಕಾಗದದ ಹಾಳೆಯನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾಗಿ ಸಣ್ಣ ಗೆರೆಗಳು, ಅವುಗಳಿಗೆ ಅಡ್ಡವಾಗಿ ಸುಮಾರು ಒಂದೊಂದು ಇಂಚಿಗೆ ಒಂದು ದಪ್ಪ ಗೆರೆ ಕಾಣುತ್ತವೆ. ಕಾಗದ ಮಾಡುವ ಜರಡಿಯ ತಂತಿಗಳ ಗುರುತು ಅದು. ತಂತಿಯಲ್ಲೇ ಹೆಣೆದ ಹೂವು, ಕುಂಡ, ಕಿರೀಟದಂಥ ಚಿತ್ರವೂ ಇರುತ್ತದೆ. ಅದೇ ನೀರುಗುರುತು.

ಇಡೀ ಹಾಳೆಯನ್ನು ಒಂದು ಸಲ ಮಡಿಸಿದರೆ ಫೋಲಿಯೊ, ಎರಡು ಸಲ ಮಡಿಸಿದರೆ ಕ್ವಾರ್ಟೊ. ದಿನಪತ್ರಿಕೆ ಮಡಿಸಿ ನೋಡಿ, ಮಡಿಕೆಯ ಜೊತೆ ಗೆರೆಯ ದಿಕ್ಕೂ ತಿರುಗುತ್ತದೆ. ಫೋಲಿಯೊದಲ್ಲಿ ದಪ್ಪ ಗೆರೆ ಉದ್ದಕ್ಕೆ, ಕ್ವಾರ್ಟೊದಲ್ಲಿ ಅಡ್ಡಕ್ಕೆ. ಒಂದು ಪುಟದ ಗೆರೆ ಮಾತ್ರ ಬೇರೆ ದಿಕ್ಕಿಗಿದ್ದರೆ ಆ ಪುಟ ಆಮೇಲೆ ಸೇರಿಸಿದ್ದು ಎಂದು ಸಂಶಯ ಬರಬೇಕು.

ಕಾಗದದಿಂದ ಏನೆಲ್ಲ ಹೊರಬರಬಹುದು ಎಂಬುದಕ್ಕೆ ಥಾಮಸ್ ಜೆ. ವೈಸ್ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವೈಸ್ ಇಂಗ್ಲೆಂಡಿನ ಬಹಳ ದೊಡ್ಡ ಪುಸ್ತಕ ಸಂಗ್ರಾಹಕ. ಪುಸ್ತಕ ವಿದ್ವಾಂಸರ ಸಂಘವಾದ ಬಿಬ್ಲಿಯಾಗ್ರಫಿಕಲ್ ಸೊಸೈಟಿಗೆ ಅಧ್ಯಕ್ಷನೂ ಆಗಿದ್ದ. ಅವನ ಮಾತೇ ಕೊನೆಯ ಮಾತು ಎಂಬಂತಿತ್ತು. ಇಂಗ್ಲಿಷ್ ಕವಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಅವರ ಪ್ರೇಮ ಸುನೀತಗಳು ಎಲ್ಲರಿಗೂ ತಿಳಿದಂತೆ ಮೊದಲು ಪ್ರಕಟವಾಗಿದ್ದು 1850ರಲ್ಲಿ. ಆದರೆ 1847 ಎಂದು ಇಸವಿ ಹಾಕಿದ, 'ಮಾರಾಟಕ್ಕಲ್ಲ' ಎಂಬ ಧಾಟಿಯ ಒಂದು ಸಣ್ಣ ಪುಸ್ತಿಕೆ ಸಂಗ್ರಾಹಕರ ನಡುವೆ ಓಡಾಡುತ್ತಿತ್ತು. ಮೂರು ವರ್ಷ ಮೊದಲಿನದು ಎಂದರೆ ಅದೇ ಮೊದಲ ಮುದ್ರಣ. ಬೆಲೆಯೂ ಹಾಗೇ.

ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳಿಗೆ ಸಂಶಯ ಬಂತು. ಅವರು ಕವಿತೆಯ ಗೊಡವೆಗೆ ಹೋಗಲಿಲ್ಲ. ಕಾಗದದ ಒಂದು ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹಳೆಯ ಕಾಗದ ಚಿಂದಿ ಬಟ್ಟೆಯ ನಾರಿನಿಂದ ಆಗುತ್ತಿತ್ತು. ಇದರಲ್ಲಿ ಕಂಡದ್ದು ರಾಸಾಯನಿಕದಲ್ಲಿ ಬೇಯಿಸಿದ ಮರದ ನಾರು. ಇಂಗ್ಲೆಂಡಿನ ಅಚ್ಚಿನ ಕಾಗದದಲ್ಲಿ ಅಂಥ ನಾರು ಬಂದದ್ದು 1870ರ ದಶಕದಲ್ಲಿ. ಆಮೇಲೆ ಅಕ್ಷರ ನೋಡಿದರು. ಹಳೆಯ ಮೊಳೆಗಳಲ್ಲಿ 'ಎಫ್' ಅಕ್ಷರದ ಕೊಕ್ಕೆ ಮೊಳೆಯ ಅಂಚು ದಾಟಿ ಪಕ್ಕಕ್ಕೆ ಚಾಚಿರುತ್ತಿತ್ತು, ಹಾಗಾಗಿ ಬೇಗ ಮುರಿಯುತ್ತಿತ್ತು. ಪುಸ್ತಿಕೆಯ 'ಎಫ್', 'ಜೆ' ಅಕ್ಷರಗಳು ಅಂಚಿನೊಳಗೇ ಮುದುಡಿಕೊಂಡಿದ್ದವು. ಆ ರೂಪದ ಮೊಳೆ ಅಚ್ಚುಕೂಟಕ್ಕೆ ಬಂದದ್ದು 1880ರ ನಂತರ. ಮುಖಪುಟದ ಇಸವಿ ಸುಳ್ಳು.

1934ರಲ್ಲಿ ಅವರ ಪುಸ್ತಕ ಹೊರಬಂತು. ಅಂಥ ಹಲವಾರು ಪುಸ್ತಿಕೆಗಳ ಬಣ್ಣ ಬಯಲಾಯಿತು. ಎಲ್ಲ ಸುಳಿವುಗಳೂ ವೈಸ್ ಮನೆ ಬಾಗಿಲಿಗೆ ಹೋಗುತ್ತಿದ್ದವು. ಅವನು 1937ರಲ್ಲಿ ತೀರಿಕೊಂಡ, ತಪ್ಪು ಒಪ್ಪಿಕೊಳ್ಳಲಿಲ್ಲ. ಇಲ್ಲಿ ನನ್ನನ್ನು ಹಿಡಿದಿಡುವ ಸಂಗತಿ ಇದು: ದೊಡ್ಡ ಮನುಷ್ಯನ ಮಾತಿಗೆ ಎದುರಾಗಿ ಒಂದು ಚೂರು ಕಾಗದ ನಿಂತಿತು. ಆ ಪರೀಕ್ಷೆಯನ್ನು ಬೇರೆ ಯಾರು ಮಾಡಿದರೂ ಅದೇ ಉತ್ತರ ಬರುತ್ತಿತ್ತು.

ಲೇಖಕ ಒಬ್ಬನೇ ಪುಸ್ತಕ ಮಾಡುವುದಿಲ್ಲ

ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ 1982ರಲ್ಲಿ ಪುಸ್ತಕದ ದಾರಿಯನ್ನು ಒಂದು ಸುತ್ತಿನಂತೆ ಬರೆದು ತೋರಿಸಿದರು. ಲೇಖಕರಿಂದ ಪ್ರಕಾಶಕರಿಗೆ, ಮುದ್ರಕರಿಗೆ, ಸಾಗಿಸುವವರಿಗೆ, ಮಾರುವವರಿಗೆ, ಓದುಗರಿಗೆ. ಓದುಗರ ಒಲವು ಮತ್ತೆ ಲೇಖಕರ ಮೇಲೆ ಕೆಲಸ ಮಾಡುತ್ತದೆ. ಯಾವ ಕೊಂಡಿ ಬದಲಾದರೂ ಬರವಣಿಗೆ ಬದಲಾಗುತ್ತದೆ.

19ನೇ ಶತಮಾನದ ಇಂಗ್ಲಿಷ್ ಕಾದಂಬರಿಗಳು ಯಾಕೆ ಅಷ್ಟು ಉದ್ದ? ಹೆಚ್ಚಿನವು ಮೂರು ಸಂಪುಟದಲ್ಲಿ ಬರುತ್ತಿದ್ದವು. ಬೆಲೆ 31 ಷಿಲಿಂಗ್ 6 ಪೆನ್ಸ್. ಸಾಮಾನ್ಯರು ಕೊಳ್ಳುವ ಮಾತೇ ಇಲ್ಲ. ಮ್ಯೂಡಿಯಂಥ ಬಾಡಿಗೆ ಗ್ರಂಥಾಲಯಗಳಲ್ಲಿ ವರ್ಷಕ್ಕೆ 21 ಷಿಲಿಂಗ್ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಸಿಗುತ್ತಿತ್ತು. ಮೂರು ಸಂಪುಟ ಇದ್ದರೆ ಒಂದೇ ಕಾದಂಬರಿಯನ್ನು ಏಕಕಾಲಕ್ಕೆ ಮೂವರಿಗೆ ಕೊಡಬಹುದು. ಕಥೆ ಎರಡು ಸಂಪುಟಕ್ಕೆ ಸಾಕಾಗುವಂತಿದ್ದರೂ ಮೂರಕ್ಕೆ ಎಳೆಯಬೇಕಿತ್ತು. 1894ರಲ್ಲಿ ಗ್ರಂಥಾಲಯಗಳೇ ಈ ಪದ್ಧತಿ ಬೇಡ ಎಂದವು. ಕೆಲವೇ ವರ್ಷಗಳಲ್ಲಿ ಕಾದಂಬರಿ ಒಂದು ಸಂಪುಟಕ್ಕೆ ಇಳಿಯಿತು.

ಮುನ್ನುಡಿ, ಅರ್ಪಣೆ, ಬೆನ್ನುಡಿ, ರಕ್ಷಾಪುಟ ಇವೂ ಓದಿನ ಭಾಗವೇ. ಫ್ರೆಂಚ್ ವಿಮರ್ಶಕ ಝೆರಾರ್ ಝೆನೆಟ್ ಇವುಗಳನ್ನು ಪುಸ್ತಕದ ಹೊಸಿಲು ಎಂದು ಕರೆದರು. ಅದನ್ನು ದಾಟಿಯೇ ನಾವು ಒಳಗೆ ಹೋಗುತ್ತೇವೆ.

ಹಾಗಾದರೆ ಸಂಶೋಧನಾ ವಿಧಾನ ಅಂದರೆ?

ಹೆಸರು ದೊಡ್ಡದು, ಒಳಗಿರುವುದು ಶಿಸ್ತಿನ ಅಭ್ಯಾಸ. ನೀವು ಕಂಡದ್ದನ್ನು ಇನ್ನೊಬ್ಬರು ಹೋಗಿ ನೋಡಲು ಆಗಬೇಕು. ಅದಕ್ಕೇ ಒಂದು ಸಾಲು ಬರೆದುಕೊಂಡರೂ ಜೊತೆಗೆ ಯಾವ ಗ್ರಂಥಾಲಯ, ಯಾವ ಸಂಖ್ಯೆಯ ಪ್ರತಿ, ಯಾವ ಆವೃತ್ತಿ, ಎಷ್ಟನೇ ಪುಟ, ನೋಡಿದ ದಿನ ಯಾವುದು ಎಂದು ಅಲ್ಲೇ ಬರೆದುಕೊಳ್ಳಬೇಕು. ಆಮೇಲೆ ಬರೆದುಕೊಳ್ಳೋಣ ಅಂದುಕೊಂಡದ್ದು ಸಿಗುವುದಿಲ್ಲ. ಹುಡುಕಿಯೂ ಸಿಗದಿದ್ದರೆ ಅದನ್ನೂ ಬರೆಯಬೇಕು. ಹಳೆಯ ಪುಸ್ತಕಗಳ ಕೋಣೆಗೆ ಸಾಮಾನ್ಯವಾಗಿ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಶಾಯಿಯ ಒಂದು ಹನಿ ಬಿದ್ದರೆ ಅಳಿಸಲಾಗದು.

ಆವೃತ್ತಿ ಮತ್ತು ಮುದ್ರಣ ಎಂಬ ಪದಗಳನ್ನೂ ಬೇರೆ ಇಟ್ಟುಕೊಳ್ಳಬೇಕು. ಅದೇ ಮೊಳೆಜೋಡಣೆಯಿಂದ ಮತ್ತೆ ಅಚ್ಚು ಹಾಕಿದರೆ ಮರುಮುದ್ರಣ. ಹೊಸದಾಗಿ ಜೋಡಿಸಿದರೆ ಹೊಸ ಆವೃತ್ತಿ. ಹೊಸದಾಗಿ ಜೋಡಿಸಿದ ಕಡೆಯಲ್ಲೆಲ್ಲ ಹೊಸ ತಪ್ಪು ಬರಲು ದಾರಿ ಇದೆ.

ಇಂಟರ್‌ನೆಟ್‌ನಲ್ಲಿ ಸಿಗುವ ಸ್ಕ್ಯಾನ್ ಪ್ರತಿಗಳು ದೊಡ್ಡ ವರ. ಹಿಂದೆ ವಿಮಾನ ಹತ್ತಿ ನೋಡಬೇಕಾಗಿದ್ದನ್ನು ಈಗ ಮೇಜಿನ ಮೇಲೆ ನೋಡಬಹುದು. ಆದರೆ ತೆರೆಯ ಮೇಲೆ ಅಂಗೈಯಗಲದ ಪುಸ್ತಕವೂ ಮೊಳದುದ್ದದ ಪುಸ್ತಕವೂ ಒಂದೇ ಗಾತ್ರ. ನೀರುಗುರುತು ಕಾಣುವುದಿಲ್ಲ. ಪದ ಹುಡುಕುವಾಗ ಇನ್ನೂ ಎಚ್ಚರ ಬೇಕು. 1800ರ ಸುಮಾರಿನವರೆಗೆ ಇಂಗ್ಲಿಷ್ ಅಚ್ಚಿನಲ್ಲಿ 'ಎಸ್' ಅಕ್ಷರದ ಉದ್ದನೆಯ ರೂಪವೊಂದಿತ್ತು, ನೋಡಲು 'ಎಫ್' ಥರ. ಕಂಪ್ಯೂಟರ್ ಅದನ್ನು 'ಎಫ್' ಎಂದೇ ಓದಿಬಿಡುತ್ತದೆ. ಸೂರ್ಯ ಎಂಬ ಅರ್ಥದ 'ಸನ್' ಹೋಗಿ 'ಫನ್' ಆಗುತ್ತದೆ. ಇದು ಗೊತ್ತಿಲ್ಲದೆ ಪದಗಳ ಲೆಕ್ಕ ಹಾಕಿದರೆ ಲೆಕ್ಕವೆಲ್ಲ ತಪ್ಪು.

ಸೂಜಿಯ ತೂತುಗಳು

ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ಸುಮಾರು 1,800 ಕವಿತೆ ಬರೆದರು. ಬದುಕಿದ್ದಾಗ ಅಚ್ಚಾಗಿದ್ದು ಹತ್ತರ ಆಸುಪಾಸು ಅಷ್ಟೇ. 1886ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿಗೆ ದಾರದಲ್ಲಿ ಹೊಲಿದ ಸಣ್ಣ ಕೈಪುಸ್ತಕಗಳು ಸಿಕ್ಕವು. ಅಂಥ 40ನ್ನು ಈಗ ಗುರುತಿಸಿದ್ದಾರೆ. 1890ರಲ್ಲಿ ಮೊದಲ ಸಂಕಲನ ತಂದ ಸಂಪಾದಕರು, ಸಾಲುಗಳ ನಡುವೆ ಅವರು ಹಾಕುತ್ತಿದ್ದ ಅಡ್ಡಗೆರೆಗಳನ್ನು (ಡ್ಯಾಶ್) ತೆಗೆದರು, ಕೆಲವು ಪದ ನಯ ಮಾಡಿದರು, ಶೀರ್ಷಿಕೆ ಕೊಟ್ಟರು. ಕೆಲಸದ ನಡುವೆ ದಾರ ಬಿಚ್ಚಿ ಹಾಳೆಗಳು ಬೇರೆಯಾದವು. ಯಾವ ಕವಿತೆಯ ಪಕ್ಕ ಯಾವುದಿತ್ತು ಎಂಬುದು ಕಳೆದುಹೋಯಿತು. 1955ರಲ್ಲಿ ಥಾಮಸ್ ಜಾನ್ಸನ್ ಅವರು ಅಡ್ಡಗೆರೆಗಳನ್ನು ಮರಳಿ ತಂದರು.

ಹಾಳೆಗಳ ಕ್ರಮವನ್ನು ಜೋಡಿಸಿ 1981ರಲ್ಲಿ ಚಿತ್ರಗಳ ಸಮೇತ ಪ್ರಕಟಿಸಿದವರು ಆರ್. ಡಬ್ಲ್ಯು. ಫ್ರಾಂಕ್ಲಿನ್. ಒಂದು ಹಾಳೆಯ ಸೂಜಿ ತೂತು ಇನ್ನೊಂದರದ್ದಕ್ಕೆ ಹೊಂದುತ್ತದೆಯೇ, ಒಂದರ ಕಲೆ ಪಕ್ಕದ ಹಾಳೆಗೂ ಹತ್ತಿದೆಯೇ, ಕಾಗದ ಒಂದೇ ಜಾತಿಯದೇ ಎಂದು ಅವರು ನೋಡಿದರು. ಕವಿ ತಾವೇ ಹೊಲಿದ ಸಾಲಿನಲ್ಲಿ ಕವಿತೆಗಳು ಮತ್ತೆ ಅಕ್ಕಪಕ್ಕ ಕೂತವು.

2013ರಿಂದ ಆ ಹಾಳೆಗಳ ಚಿತ್ರಗಳನ್ನು ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ದೊಡ್ಡದು ಮಾಡಿ ನೋಡಿದರೆ ಕೆಲವು ಪದಗಳ ಪಕ್ಕ ಸಣ್ಣದೊಂದು ಕೂಡಿಸುವ ಗುರುತು ಕಾಣುತ್ತದೆ. ಪುಟದ ಕೆಳಗೆ ಅದೇ ಗುರುತು ಹಾಕಿ ಬೇರೆ ಎರಡು ಮೂರು ಪದ ಬರೆದಿರುತ್ತಾರೆ. ಯಾವುದನ್ನೂ ಹೊಡೆದು ಹಾಕಿಲ್ಲ. ಅಚ್ಚಿಗೆ ಕೊಡುವಾಗ ಅವುಗಳಲ್ಲಿ ಒಂದನ್ನು ಸಂಪಾದಕರೇ ಆರಿಸುತ್ತಾರೆ.